ಸೆಕೆಂಡ್ ಹ್ಯಾಂಡ್ ಕ್ರೂಸರ್ ಬೈಕ್ ತಗೊಳ್ಳೋ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಥಂಡರ್‌ಬರ್ಡ್, ಮೀಟಿಯರ್, ಅವೆಂಜರ್ ಇವುಗಳಲ್ಲಿ ಹಳೇದೊಂದು ನೋಡ್ಬೇಕು ಅಂತಿರೋ ಸ್ನೇಹಿತರು ನನ್ನ ಹತ್ರ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಕರ್ನಾಟಕದಲ್ಲೇ ತಗೊಂಡು ಇಲ್ಲೇ ಓಡಿಸೋರನ್ನ ಮನಸಲ್ಲಿಟ್ಕೊಂಡು ಬರೆದಿರೋದು. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಯಾವ ಮಾಡೆಲ್ ಅನ್ನೋದಕ್ಕಿಂತ ಆ ಗಾಡಿ ಯಾರ ಕೈಲಿತ್ತು, ಆರ್‌ಸಿಯಲ್ಲಿ ಯಾರ ಹೆಸರಿದೆ ಅನ್ನೋದೇ ಮುಖ್ಯ. ಎಂಜಿನ್ ಹೋಗಿದ್ರೆ ದುಡ್ಡು ಸುರಿದು ಸರಿ ಮಾಡಿಸ್ಬಹುದು, ಪೇಪರ್ ಸರಿ ಇಲ್ಲದ ಗಾಡಿನ ಎಷ್ಟು ದುಡ್ಡು ಹಾಕಿದ್ರೂ ನಿಮ್ಮದು ಮಾಡ್ಕೊಳ್ಳೋಕೆ ಆಗಲ್ಲ.

ಕ್ರೂಸರ್ ಅಂದ್ರೆ ಯಾವ್ಯಾವ ಗಾಡಿ? ಬುಲೆಟ್, ಕ್ಲಾಸಿಕ್ ಕೂಡಾ ಕ್ರೂಸರ್ರೇನಾ?

ಅಲ್ಲ. ಸೀಟು ಕೆಳಗೆ, ಹ್ಯಾಂಡಲ್ ಎತ್ತರಕ್ಕೆ ನಿಮ್ಮ ಕಡೆ ಬಾಗಿರತ್ತೆ, ಫುಟ್‌ರೆಸ್ಟ್ ಮುಂದಕ್ಕಿರತ್ತೆ, ಕಾಲು ಚಾಚಿ ಕೂರೋ ಹಾಗೆ, ಅದು ಕ್ರೂಸರ್. ಕ್ಲಾಸಿಕ್ ಮತ್ತೆ ಬುಲೆಟ್‌ನಲ್ಲಿ ನೆಟ್ಟಗೆ ಕೂರ್ತೀರ, ಕಾಲು ಕೆಳಗೇ ಇರತ್ತೆ. ನಮ್ಮ ಮಾರ್ಕೆಟ್‌ನಲ್ಲಿ ಹಳೇ ಕ್ರೂಸರ್ ಅಂದ್ರೆ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್, ಅದರ ಜಾಗಕ್ಕೆ ಬಂದ ಮೀಟಿಯರ್ 350, ಬಜಾಜ್ ಅವೆಂಜರ್, ಸ್ವಲ್ಪ ಜಾಸ್ತಿ ಬಜೆಟ್ ಇದ್ರೆ ಸೂಪರ್ ಮೀಟಿಯರ್ 650, ಕವಾಸಾಕಿ ವಲ್ಕನ್ ಎಸ್, ಹಾರ್ಲಿ ಸ್ಟ್ರೀಟ್ 750. ಜಾವಾ ಪೆರಾಕ್ ಮತ್ತೆ 42 ಬಾಬರ್ ನೋಡೋಕೆ ಹಾಗೇ ಕಂಡ್ರೂ ಅವು ಒಬ್ಬರೇ ಕೂರೋ ಬಾಬರ್, ಹಿಂದೆ ಹೆಂಡ್ತಿನೋ ಫ್ರೆಂಡೋ ಕೂರ್ಬೇಕು ಅಂದ್ರೆ ಅವನ್ನ ಲಿಸ್ಟಿಂದ ತೆಗೆದುಬಿಡಿ.

ಥಂಡರ್‌ಬರ್ಡ್ ತಗೊಳ್ಳಲಾ, ಮೀಟಿಯರ್ ತಗೊಳ್ಳಲಾ?

ಬಜೆಟ್ ತಡ್ಕೊಳ್ಳತ್ತೆ ಅಂದ್ರೆ ಮೀಟಿಯರ್, ಎರಡು ಮಾತಿಲ್ಲ. ಹೊರಗಿಂದ ನೋಡಿದ್ರೆ ಎರಡೂ 350, ಎರಡೂ 20 ಬಿಎಚ್‌ಪಿ ಆಸುಪಾಸು, ಆದ್ರೆ ಎಂಜಿನ್ ಪೂರ್ತಿ ಬೇರೆ. ಥಂಡರ್‌ಬರ್ಡ್‌ನಲ್ಲಿರೋದು 346 ಸಿಸಿ ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಲ್ಲಿರೋ ಎಂಜಿನ್), ಅದರಲ್ಲಿ ನಡುಕ ಕಡಿಮೆ ಮಾಡೋ ಬ್ಯಾಲೆನ್ಸರ್ ಶಾಫ್ಟ್ ಇಲ್ಲ, 80 ದಾಟಿದ ಮೇಲೆ ಹ್ಯಾಂಡಲ್‌ನಲ್ಲಿ, ಫುಟ್‌ರೆಸ್ಟ್‌ನಲ್ಲಿ ವೈಬ್ರೇಷನ್ ಶುರುವಾಗತ್ತೆ, ತುಮಕೂರು ರೋಡಲ್ಲಿ ದಾವಣಗೆರೆ ತನಕ ಹೋಗೋ ಅಷ್ಟರಲ್ಲಿ ಅಂಗೈ ಜುಂ ಅಂತಿರತ್ತೆ. ಮೀಟಿಯರ್‌ನಲ್ಲಿ 2020ರ ನವೆಂಬರ್‌ನಲ್ಲಿ ಬಂದ 349 ಸಿಸಿ ಜೆ ಸೀರೀಸ್ ಎಂಜಿನ್ ಇದೆ, ಬ್ಯಾಲೆನ್ಸರ್ ಇದೆ, ಫ್ರೇಮ್ ಹೊಸದು, ತಿರುವಲ್ಲಿ ಗಾಡಿ ನಂಬಿಕೆ ಕೊಡತ್ತೆ, ಹೆಚ್ಚಿನ ವೇರಿಯಂಟ್‌ಗಳಲ್ಲಿ ಅಲಾಯ್ ವೀಲ್, ಟ್ಯೂಬ್‌ಲೆಸ್ ಟೈರ್, ಎರಡೂ ಚಕ್ರಕ್ಕೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು).

ಹಾಗಂತ ಥಂಡರ್‌ಬರ್ಡ್ ಕಡೆಗಣಿಸೋ ಗಾಡಿ ಅಲ್ಲ. 20 ಲೀಟರ್ ಟ್ಯಾಂಕ್ ಅದರದ್ದು, ಮೀಟಿಯರ್‌ದು 15. ಯುಸಿಇ ಎಂಜಿನ್ ಕೆಲಸ ಗೊತ್ತಿರೋ ಮೆಕ್ಯಾನಿಕ್ ಪ್ರತಿ ತಾಲೂಕಲ್ಲೂ ಸಿಗ್ತಾನೆ, ಪಾರ್ಟ್ಸ್ ಸಲೀಸಾಗಿ ಸಿಗತ್ತೆ, ಯಾಕಂದ್ರೆ ಅದೇ ಎಂಜಿನ್ ಕ್ಲಾಸಿಕ್‌ನಲ್ಲೂ ಇತ್ತು. ದಿನಾ ಆಫೀಸಿಗೆ ಹೋಗಿ ಬಂದು ತಿಂಗಳಿಗೊಮ್ಮೆ ಊರಿಗೆ ಹೋಗ್ತೀನಿ, 70ರಲ್ಲಿ ಆರಾಮಾಗಿ ಓಡಿಸ್ತೀನಿ ಅನ್ನೋರಿಗೆ ಒಳ್ಳೆ ಕೈಲಿದ್ದ ಥಂಡರ್‌ಬರ್ಡ್ ಇವತ್ತಿಗೂ ಸಾಕು.

ಥಂಡರ್‌ಬರ್ಡ್‌ನಲ್ಲಿ ಯಾವ ವರ್ಷದ್ದು ನೋಡ್ಬೇಕು?

2002ರಲ್ಲಿ ಬಂದ ಮೊದಲ ಥಂಡರ್‌ಬರ್ಡ್ ಎವಿಎಲ್ ಅನ್ನೋ ಹಳೇ ಥರದ ಎಂಜಿನ್ನಿಂದು. ಅದನ್ನ ಪ್ರೀತಿಯಿಂದ ಇಟ್ಕೊಂಡಿರೋರು ಇದಾರೆ, ಆದ್ರೆ ಮೊದಲ ಸಲ ಹಳೇ ಗಾಡಿ ತಗೊಳ್ಳೋರಿಗೆ ಬೇಡ. ಆಮೇಲೆ ಟ್ವಿನ್‌ಸ್ಪಾರ್ಕ್, ಅಂದ್ರೆ ಎರಡು ಸ್ಪಾರ್ಕ್ ಪ್ಲಗ್ ಇರೋ ಯುಸಿಇ ಬಂತು. 2012ರಲ್ಲಿ ರೂಪಾನೇ ಬದಲಾಯ್ತು, ಪ್ರೊಜೆಕ್ಟರ್ ಹೆಡ್‌ಲೈಟು, ಎಲ್‌ಇಡಿ ಟೇಲ್‌ಲೈಟು, ಹಿಂದೇನೂ ಡಿಸ್ಕು, ದೊಡ್ಡ ಟ್ಯಾಂಕು, ಈಗ ರಸ್ತೆ ಮೇಲೆ ಜಾಸ್ತಿ ಕಾಣೋದು ಇದೇ. 2018ರಲ್ಲಿ 350ಎಕ್ಸ್ ಮತ್ತೆ 500ಎಕ್ಸ್ ಬಂತು, ಬಣ್ಣದ ಟ್ಯಾಂಕ್, ಅಲಾಯ್ ವೀಲ್, ಟ್ಯೂಬ್‌ಲೆಸ್. 2020ರಲ್ಲಿ ಬಿಎಸ್6 ಅನ್ನೋ ಹೊಸ ಹೊಗೆ ನಿಯಮ ಬಂದಾಗ ಥಂಡರ್‌ಬರ್ಡ್ ನಿಂತೇ ಹೋಯ್ತು.

ನನ್ನ ಆಯ್ಕೆ ಕೇಳಿದ್ರೆ 2019ರ 350ಎಕ್ಸ್. ಆ ವರ್ಷದ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗೆಲ್ಲಾ ಎಬಿಎಸ್ ಕಡ್ಡಾಯ ಆಯ್ತು, ಹಾಗಾಗಿ ಎಬಿಎಸ್ ಇರತ್ತೆ, ಜೊತೆಗೆ ಟ್ಯೂಬ್‌ಲೆಸ್. ಸ್ಪೋಕ್ ವೀಲ್ ಇರೋ ಮಾಮೂಲಿ ಥಂಡರ್‌ಬರ್ಡ್‌ಗೆ ಟ್ಯೂಬ್ ಟೈರು, ರಾತ್ರಿ ಹೊತ್ತು ಎಲ್ಲೋ ಹಿಂದಿನ ಚಕ್ರ ಪಂಚರ್ ಆದ್ರೆ 190 ಕೆಜಿ ಗಾಡಿನ ತಳ್ಳೋದು ಆಟ ಅಲ್ಲ, ಇದನ್ನ ರೇಟ್ ಮಾತಾಡುವಾಗ ನೆನಪಿಟ್ಕೊಳ್ಳಿ.

500 ಬೇಕು ಅನ್ನೋರಿಗೆ: ಟಾರ್ಕ್ ಚೆನ್ನಾಗಿದೆ, 41 ಎನ್‌ಎಂ, ಫ್ಯುಯೆಲ್ ಇಂಜೆಕ್ಷನ್. ಆದ್ರೆ 500 ಎಂಜಿನ್ ಸಾಲೇ 2020ರಲ್ಲಿ ನಿಂತಿದೆ, ಬಿಸಿ ಜಾಸ್ತಿ, ವೈಬ್ರೇಷನ್ ಜಾಸ್ತಿ. ಗೊತ್ತಿರೋ ಮೆಕ್ಯಾನಿಕ್ ಹತ್ತಿರದಲ್ಲಿದ್ರೆ ಮಾತ್ರ ಕೈ ಹಾಕಿ.

ಮೀಟಿಯರ್‌ನಲ್ಲಿ ಏನಾದ್ರೂ ವಿಶೇಷವಾಗಿ ಚೆಕ್ ಮಾಡ್ಬೇಕಾ?

ಮೊದಲು ತಯಾರಾದ ತಿಂಗಳು ನೋಡಿ, ಆರ್‌ಸಿಯಲ್ಲೇ ಇರತ್ತೆ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಸುಮಾರು 2.37 ಲಕ್ಷ ಗಾಡಿಗಳನ್ನ ಇಗ್ನಿಷನ್ ಕಾಯಿಲ್ ಸಲುವಾಗಿ ರೀಕಾಲ್ ಮಾಡ್ತು, ಅದರಲ್ಲಿ 2020ರ ಡಿಸೆಂಬರ್‌ನಿಂದ 2021ರ ಏಪ್ರಿಲ್ ಒಳಗೆ ತಯಾರಾದ ಮೀಟಿಯರ್‌ಗಳೂ ಸೇರಿವೆ. ಕಾಯಿಲ್ ಹೋಗ್ತಾ ಇದ್ರೆ ಮಿಸ್‌ಫೈರ್ ಆಗತ್ತೆ, ಪಿಕಪ್ ಇರಲ್ಲ, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್ ಕೂಡಾ. ನೀವು ನೋಡ್ತಿರೋ ಗಾಡಿ ಆ ತಿಂಗಳುಗಳದ್ದಾದ್ರೆ ಚಾಸಿ ನಂಬರ್ ಬರ್ಕೊಂಡು ಸರ್ವಿಸ್ ಸೆಂಟರಲ್ಲಿ ಕೇಳಿ, ರೀಕಾಲ್ ಕೆಲಸ ಆಗಿದೆಯಾ ಇಲ್ವಾ ಅಂತ ಅವರ ಸಿಸ್ಟಂನಲ್ಲಿ ಕಾಣತ್ತೆ.

ಆಮೇಲೆ ಟ್ರಿಪ್ಪರ್, ಅಂದ್ರೆ ದಾರಿ ತೋರಿಸೋ ಚಿಕ್ಕ ಗುಂಡನೆ ಸ್ಕ್ರೀನು, ಅದನ್ನ ನಿಮ್ಮ ಫೋನಿಗೇ ಕನೆಕ್ಟ್ ಮಾಡಿ ನೋಡಿ, ಒಳಗೆ ನೀರಿನ ಮಂಜು ಕಟ್ಟಿದೆಯಾ ಅಂತಾನೂ ನೋಡಿ. ಕಿಕ್ಕರ್ ಇಲ್ಲದ ಗಾಡಿ ಇದು, ಬ್ಯಾಟರಿ ವೀಕಾಗಿದ್ರೆ ರಸ್ತೆಲಿ ನಿಂತ್ಕೋಬೇಕಾಗತ್ತೆ. ಫೈರ್‌ಬಾಲ್, ಸ್ಟೆಲ್ಲರ್, ಸೂಪರ್‌ನೋವಾ ಅಂತ ಮೂರು ವೇರಿಯಂಟ್ ಶುರುವಲ್ಲೇ ಬಂದ್ವು, ಎಂಜಿನ್ ಒಂದೇ, ವ್ಯತ್ಯಾಸ ಬಣ್ಣ, ಬ್ಯಾಕ್‌ರೆಸ್ಟು, ವಿಂಡ್‌ಸ್ಕ್ರೀನು ಅಷ್ಟೇ, ಅದಕ್ಕೆ ಅಂತ ಹತ್ತಾರು ಸಾವಿರ ಜಾಸ್ತಿ ಕೊಡ್ಬೇಡಿ.

ಅವೆಂಜರ್ 220 ಹೇಗೆ? ಎಲ್ಲರೂ ಎನ್‌ಫೀಲ್ಡ್ ಅಂತಾನೇ ಹೇಳ್ತಾರೆ.

ಅವೆಂಜರ್‌ಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2005ರಲ್ಲಿ 180 ಸಿಸಿಯಲ್ಲಿ ಶುರುವಾಗಿದ್ದು, ಆಮೇಲೆ 200, 2010ರಲ್ಲಿ 220 ಆಯ್ತು, 2015ರಲ್ಲಿ ಸ್ಟ್ರೀಟ್ ಮತ್ತೆ ಕ್ರೂಸ್ ಅಂತ ಎರಡು ಬಂತು. ಹಗುರ, ಸೀಟು ತುಂಬಾ ಕೆಳಗೆ, ಮೆಂಟೇನೆನ್ಸ್ ಕಮ್ಮಿ, 100ರಲ್ಲೂ ಯುಸಿಇ ಅಷ್ಟು ಒದ್ದಾಡಲ್ಲ. ಕಳ್ಳಹಂಪ್‌ಗಳಲ್ಲಿ ಹೊಟ್ಟೆ ತಾಗೋದು ಇದರ ಕಷ್ಟ, ಇಬ್ಬರು ಕೂತಾಗ ಇನ್ನೂ ಜಾಸ್ತಿ, ಹಾಗಾಗಿ ಕೆಳಗೆ ಬಗ್ಗಿ ಎಂಜಿನ್ ಅಡಿ ಮತ್ತೆ ಸೈಲೆನ್ಸರ್ ಬೆಂಡ್ ನೋಡಿ, ಉಜ್ಜಿರೋ ಗುರುತು ಇದ್ದೇ ಇರತ್ತೆ, ಉಜ್ಜಿದ್ರೆ ಪರವಾಗಿಲ್ಲ, ಎಂಜಿನ್ ಕೇಸಲ್ಲಿ ಬಿರುಕು ಅಥವಾ ವೆಲ್ಡಿಂಗ್ ಇದ್ರೆ ಬಿಟ್ಟು ಬನ್ನಿ. 150 ಮತ್ತೆ 160 ಅವೆಂಜರ್ ಊರೊಳಗೆ ಓಕೆ, ಹೈವೇಗೆ ಸಾಲಲ್ಲ.

650 ಅಥವಾ ಹಾರ್ಲಿ ಹಳೇದು ಸಿಗ್ತಿದೆ, ತಗೊಳ್ಬಹುದಾ?

ಸೂಪರ್ ಮೀಟಿಯರ್ 650 2023ರ ಜನವರಿಯಲ್ಲಿ ಬಂದಿದ್ದು, 648 ಸಿಸಿ, ಎರಡು ಸಿಲಿಂಡರ್, 47 ಪಿಎಸ್, ತೂಕ 241 ಕೆಜಿ. ಗಾಡಿ ಬಹಳ ಚೆನ್ನಾಗಿದೆ, ಆದ್ರೆ ಆ ತೂಕನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಹಿಂದೆ ಮುಂದೆ ಮಾಡೋಕೆ ನಿಮ್ಮ ಕೈಲಾಗತ್ತಾ ಅಂತ ತಗೊಳ್ಳೋ ಮುಂಚೆ ಒಂದ್ಸಲ ತಳ್ಳಿ ನೋಡಿ. ವಲ್ಕನ್ ಎಸ್ 649 ಸಿಸಿ, ಓಡಿಸೋಕೆ ಮಜಾ, ಪಾರ್ಟ್ಸ್ ದುಬಾರಿ. ಹಾರ್ಲಿ ಸ್ಟ್ರೀಟ್ 750 ರೇಟ್ ಕೇಳಿ ಆಸೆ ಆಗೋದು ಸಹಜ, ಆದ್ರೆ ಹಾರ್ಲಿ 2020ರಲ್ಲಿ ಇಲ್ಲಿನ ತನ್ನ ಫ್ಯಾಕ್ಟರಿ ಮುಚ್ಚಿ, ಆಮೇಲೆ ಹೀರೋ ಜೊತೆ ಸೇರ್ಕೊಂಡು ವ್ಯಾಪಾರ ಮುಂದುವರೆಸ್ತು, ಸ್ಟ್ರೀಟ್ ತಯಾರಿಕೆ ನಿಂತುಹೋಗಿದೆ. ಮೊದಲ ಕ್ರೂಸರ್ ಆಗಿ ಅದನ್ನ ತಗೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ.

ರೇಟ್ ಹೇಗೆ ಗೊತ್ತು ಮಾಡೋದು? ಎಲ್ಲರೂ ಒಂದೊಂದು ಹೇಳ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ ಒಂದಿದೆ, ಮಾರೋರು ಇದನ್ನ ಹೇಳಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಹೊಸ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. ಅಂದ್ರೆ ಹೊಸ ಮೀಟಿಯರೇ ಅಗ್ಗ ಆಗಿದೆ. ಹೊಸದು ಇಳಿದ ಮೇಲೆ ಹಳೇದೂ ಇಳೀಬೇಕು ತಾನೇ, ಆದ್ರೆ ಮಾರೋರು ತಾವು ಅವತ್ತು ಕೊಟ್ಟ ಆನ್‌ರೋಡ್ ರೇಟ್ ತಲೇಲಿಟ್ಕೊಂಡು ಲೆಕ್ಕ ಹಾಕ್ತಾರೆ. ಅದಕ್ಕೆ ಮಾತಾಡೋಕೆ ಹೋಗೋ ಮುಂಚೆ ಶೋರೂಮ್‌ಗೆ ಫೋನ್ ಮಾಡಿ ಇವತ್ತಿನ ಆನ್‌ರೋಡ್ ಕೇಳ್ಕೊಂಡು ಹೋಗಿ. ಎರಡು ಮೂರು ವರ್ಷದ ಮೀಟಿಯರ್‌ಗೂ ಹೊಸದಕ್ಕೂ ನಡುವೆ ನಲವತ್ತು ಸಾವಿರಾನೂ ವ್ಯತ್ಯಾಸ ಇಲ್ಲ ಅಂದ್ರೆ ನಾನಾದ್ರೆ ಹೊಸದೇ ತಗೊಳ್ತೀನಿ, ವಾರಂಟಿ ಸಿಗತ್ತೆ, 2025ರ ಮೀಟಿಯರ್‌ಗೆ ಸ್ಲಿಪ್ ಅಸಿಸ್ಟ್ ಕ್ಲಚ್ ಬೇರೆ ಬಂದಿದೆ, ಕ್ಲಚ್ ಲಿವರ್ ಹಗುರ.

350 ಸಿಸಿ ಮೇಲಿನದಕ್ಕೆ ಉಲ್ಟಾ ಆಗಿದೆ, ಸೆಸ್ ಸೇರಿ 31 ಇದ್ದ ತೆರಿಗೆ 40 ಪರ್ಸೆಂಟ್ ಆಯ್ತು. ಹಾಗಾಗಿ 650 ಬೇಕಾದೋರಿಗೆ ಸೆಕೆಂಡ್ ಹ್ಯಾಂಡ್ ನೋಡೋದ್ರಲ್ಲಿ ಮೊದಲಿಗಿಂತ ಜಾಸ್ತಿ ಅರ್ಥ ಇದೆ.

ಗಾಡಿ ನೋಡೋಕೆ ಹೋದಾಗ ಮೊದಲು ಏನ್ ಮಾಡ್ಬೇಕು?

ಎಂಜಿನ್ ಮುಟ್ಟಿ ನೋಡಿ. ಬೆಳಿಗ್ಗೆ ಬರ್ತೀನಿ, ನಾನು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಹಿಂದಿನ ದಿನವೇ ಹೇಳಿರ್ಬೇಕು, ಹೋದ ತಕ್ಷಣ ಎಂಜಿನ್ ಕೇಸ್ ಮೇಲೆ, ಸೈಲೆನ್ಸರ್ ಬೆಂಡ್ ಹತ್ರ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ರೆ ಅವರು ಆಗಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದಾರೆ ಅಂತ ಅರ್ಥ, ಬಿಸಿ ಎಂಜಿನ್ ಎಲ್ಲಾ ರೋಗಾನೂ ಮುಚ್ಚಿಡತ್ತೆ. ಆಗ ಜಗಳ ಬೇಡ, ಇನ್ನೊಂದಿನ ಬರ್ತೀನಿ ಸಾರ್ ಅಂತ ಹೇಳಿ ಬನ್ನಿ, ನಿಜವಾಗಲೂ ಇನ್ನೊಂದಿನ ಹೋಗಿ.

ತಣ್ಣಗಿದೆ ಅಂದ್ಕೊಳ್ಳಿ. ಇಗ್ನಿಷನ್ ಆನ್ ಮಾಡಿ ಸೆಲ್ಫ್ ಒತ್ತಿ, ಫೋನ್ ಜೇಬಲ್ಲಿಡಿ, ಯಾರೂ ಮಾತಾಡೋದು ಬೇಡ. ಥಂಡರ್‌ಬರ್ಡ್‌ನಲ್ಲಿ ಮೋಟರ್ ಜುಯ್ ಅಂತ ತಿರುಗಿ ಎಂಜಿನ್ ತಿರುಗ್ದೇ ಇದ್ರೆ, ಅಥವಾ ಗರ್ರ್ ಕಟಕಟ ಅಂತ ಲೋಹ ಉಜ್ಜಿದ ಶಬ್ದ ಬಂದ್ರೆ ಸ್ಪ್ರಾಗ್ ಕ್ಲಚ್, ಅಂದ್ರೆ ಸೆಲ್ಫ್ ಮೋಟರ್ ತಿರುಗೋದನ್ನ ಎಂಜಿನ್ನಿಗೆ ಮುಟ್ಟಿಸೋ ಭಾಗ ಹೋಗ್ತಿದೆ, ಯುಸಿಇ ಎಂಜಿನ್ನಿನ ಮಾಮೂಲಿ ಕಾಯಿಲೆ ಇದು. ಮ್ಯಾಗ್ನೆಟ್ ಕವರ್ ಬಿಚ್ಚಿ ಮಾಡೋ ಕೆಲಸ, ಸಾವಿರಗಳ ಲೆಕ್ಕ. ಓನರ್ "ಸೆಲ್ಫ್ ಯಾಕೆ ಸಾರ್, ಕಿಕ್‌ನಲ್ಲೇ ಮಜಾ" ಅಂತ ಕಿಕ್ ಹೊಡೆದು ತೋರಿಸಿದ್ರೆ, ಇಲ್ಲ ಸೆಲ್ಫ್‌ನಲ್ಲೇ ಮಾಡಿ ಅಂತ ಕೂತ್ಬಿಡಿ.

ಸ್ಟಾರ್ಟ್ ಆದ ಮೇಲೆ ಹಿಂದೆ ಹೋಗಿ ಹೊಗೆ ನೋಡಿ. ಚಳಿಲಿ ಮೊದಲೊಂದು ನಿಮಿಷ ಬಿಳಿ ಆವಿ ಬರೋದು ಸಹಜ. ನೀಲಿ ಹೊಗೆ ಬಂದು ಆಯಿಲ್ ಸುಟ್ಟ ವಾಸನೆ ಬಂದ್ರೆ ರಿಂಗ್ ಅಥವಾ ವಾಲ್ವ್ ಸೀಲ್, ಅಂದ್ರೆ ಎಂಜಿನ್ ಮೇಲ್ಭಾಗ ಬಿಚ್ಚಿ ಮಾಡೋ ಹಾಫ್ ಎಂಜಿನ್ ಕೆಲಸ. ಯುಸಿಇನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ (ವಾಲ್ವ್ ತೆರೆಸೋ ಭಾಗ, ಆಯಿಲ್ ಒತ್ತಡದಲ್ಲಿ ತಾನೇ ಸರಿಹೊಂದ್ಕೊಳ್ಳತ್ತೆ) ಇದೆ, ಸ್ಟಾರ್ಟ್ ಆದಾಗ ಸ್ವಲ್ಪ ಹೊತ್ತು ಟಿಕ್ ಟಿಕ್ ಅಂದು ಆಯಿಲ್ ಮೇಲೆ ಹೋದ ತಕ್ಷಣ ಸುಮ್ಮನಾಗ್ಬೇಕು, ಬಿಸಿಯಾದ ಮೇಲೂ ಜೋರಾಗಿ ಹಾಗೇ ಬರ್ತಿದ್ರೆ ಟ್ಯಾಪೆಟ್ ಅಥವಾ ಅದಕ್ಕಿಂತ ದೊಡ್ಡದೇನೋ ಇದೆ. ಐಡಲ್‌ನಲ್ಲಿ ಐದು ನಿಮಿಷ ಬಿಡಿ, ಮಧ್ಯೆ ಆಫ್ ಆಗ್ಬಾರ್ದು. ಅಷ್ಟರೊಳಗೆ ಎಂಜಿನ್ ಜಾಯಿಂಟ್‌ಗಳಲ್ಲಿ, ಹೆಡ್ ಹತ್ರ, ಎಂಜಿನ್ ಅಡಿಯಲ್ಲಿ ಆಯಿಲ್ ಜಿನುಗ್ತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ನಿನ್ನೆ ತಾನೇ ವಾಟರ್ ವಾಶ್ ಮಾಡಿಸಿ ಎಂಜಿನ್‌ಗೆ ಪಾಲಿಶ್ ಹೊಡೆದಿರೋ ಗಾಡಿ ನೋಡಿದ್ರೆ ನಂಗೆ ಅನುಮಾನ ಜಾಸ್ತಿ, ಸ್ವಲ್ಪ ಧೂಳು ಕೂತಿರೋ ಗಾಡಿಲಿ ಆಯಿಲ್ ಲೀಕ್ ಎಲ್ಲಿದೆ ಅಂತ ಧೂಳೇ ತೋರಿಸತ್ತೆ.

ಬಿದ್ದ ಗಾಡಿ ಅಂತ ಹೇಗೆ ಗೊತ್ತಾಗತ್ತೆ?

ಪೇಂಟ್ ನೋಡಿ ಗೊತ್ತಾಗಲ್ಲ, ಅದನ್ನ ಹೊಸದಾಗಿ ಹೊಡೆಸಿರ್ತಾರೆ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರನ್ನಾದ್ರೂ ಕೂರಿಸಿ ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸಿ. ಬೆಣ್ಣೆ ಹಾಗೆ ತಿರುಗ್ಬೇಕು, ನಡುವಲ್ಲಿ ಟಕ್ ಅಂತ ಹಿಡಿದ್ರೆ ಕೋನ್ ಸೆಟ್, ಅಂದ್ರೆ ಹ್ಯಾಂಡಲ್ ತಿರುಗೋ ಬೇರಿಂಗ್ ಹೋಗಿದೆ. ಅದೇ ಹ್ಯಾಂಡಲ್ ಕೊನೆ ತನಕ ತಿರುಗಿದಾಗ ಫ್ರೇಮಿಗೆ ತಾಗೋ ಸ್ಟಾಪರ್ ಇರತ್ತಲ್ಲ, ಕುತ್ತಿಗೆ ಕೆಳಗೆ, ಅದು ಜಜ್ಜಿದ್ರೆ ಅಥವಾ ಒಂದು ಕಡೆ ಮುರಿದಿದ್ರೆ ಗಾಡಿ ಮುಂದಿಂದ ಗುದ್ದಿದೆ. ಫೋರ್ಕ್ ಪೈಪ್ ಮೇಲೆ ಬೆರಳಾಡಿಸಿ, ಎಣ್ಣೆ ಅಂಟಿದ್ರೆ ಆಯಿಲ್ ಸೀಲ್ ಹೋಗಿದೆ, ಅದು ಚಿಕ್ಕ ಖರ್ಚು, ಪೈಪೇ ಬೆಂಡ್ ಆಗಿದ್ರೆ ದೊಡ್ಡದು. ಲೆಗ್ ಗಾರ್ಡ್ ಹೊಸದಿದ್ದು ಪಕ್ಕದ ಫುಟ್‌ರೆಸ್ಟ್ ತುದಿ ಉಜ್ಜಿಹೋಗಿದ್ರೆ ಆ ಲೆಗ್ ಗಾರ್ಡ್ ಯಾಕೆ ಹೊಸದು ಅಂತ ಕೇಳಿ.

ಟೆಸ್ಟ್ ರೈಡ್‌ನಲ್ಲಿ ಏನು ಗಮನಿಸ್ಬೇಕು?

ಹೆಲ್ಮೆಟ್ ನಿಮ್ಮದೇ ತಗೊಂಡು ಹೋಗಿ. ಮೊದಲ ಗೇರಿಂದ ಐದರ ತನಕ, ಮತ್ತೆ ಕೆಳಗೆ, ನ್ಯೂಟ್ರಲ್ ಸುಲಭಕ್ಕೆ ಬೀಳತ್ತಾ ನೋಡಿ. ನಾಲ್ಕನೇ ಗೇರಲ್ಲಿ 40ರಲ್ಲಿ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಕೊಡಿ, ಶಬ್ದ ಏರಿ ಗಾಡಿ ಏರ್ದೇ ಇದ್ರೆ ಕ್ಲಚ್ ಪ್ಲೇಟ್ ಜಾರ್ತಿದೆ. ಖಾಲಿ ರಸ್ತೆಲಿ ಎರಡೂ ಬ್ರೇಕ್ ಬೇರೆ ಬೇರೆಯಾಗಿ ಹಿಡೀರಿ, ಲಿವರ್ ಮಿಡೀತಿದ್ರೆ ಡಿಸ್ಕ್ ಬೆಂಡ್. ಎಬಿಎಸ್ ಲೈಟು ಇಗ್ನಿಷನ್ ಹಾಕಿದಾಗ ಬಂದು ಗಾಡಿ ಹೊರಟ ಮೇಲೆ ಹೋಗ್ಬೇಕು. ಇಗ್ನಿಷನ್ ಹಾಕಿದಾಗ ಬರೋದೇ ಇಲ್ಲ ಅಂದ್ರೆ ಬಲ್ಬೇ ತೆಗೆದುಬಿಟ್ಟಿರೋ ಸಾಧ್ಯತೆನೂ ಇದೆ. ಗಾಡಿ ಒಂದು ಕಡೆಗೇ ಎಳೀತಿದ್ರೆ ಮುಂದೆ ಮಾತು ಬೇಡ.

ಮೀಟರ್‌ನಲ್ಲಿ 18 ಸಾವಿರ ತೋರಿಸ್ತಿದೆ, ನಂಬೋದಾ?

ಮೀಟರ್ ಒಂದನ್ನೇ ನಂಬ್ಬೇಡಿ. ಗೇರ್ ಲಿವರ್ ರಬ್ಬರ್, ಹಿಂದಿನ ಬ್ರೇಕ್ ಪೆಡಲ್, ಹ್ಯಾಂಡಲ್ ಗ್ರಿಪ್, ಡಿಸ್ಕ್ ಅಂಚಲ್ಲಿ ಕೊರೆದ ಗೆರೆ, ಇವು ಸುಳ್ಳು ಹೇಳಲ್ಲ. ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರತ್ತೆ, 2321 ಅಂತಿದ್ರೆ 2021ರ 23ನೇ ವಾರದಲ್ಲಿ ತಯಾರಾದ ಟೈರು. 18 ಸಾವಿರ ಓಡಿರೋ 2019ರ ಗಾಡಿಲಿ ಎರಡೂ ಟೈರ್ ಬದಲಾಗಿ ಹೊಸ ಟೈರೂ ಅರ್ಧ ಸವೆದಿದ್ರೆ ಲೆಕ್ಕ ತಾಳೆ ಆಗಲ್ಲ. ಎಲ್ಲಕ್ಕಿಂತ ಒಳ್ಳೇದು ಕಂಪನಿ ಸರ್ವಿಸ್ ಹಿಸ್ಟರಿ, ಓನರ್ ಕೈಲೇ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿಸಿ ಗಾಡಿ ನಂಬರ್ ಹೇಳಿದ್ರೆ ಯಾವ ತಾರೀಖು ಎಷ್ಟು ಕಿಲೋಮೀಟರ್‌ಗೆ ಬಂದಿತ್ತು ಅಂತ ಹೇಳ್ತಾರೆ. ಓನರ್ ಇದಕ್ಕೆ ಹಿಂದೆಮುಂದೆ ನೋಡಿದ್ರೆ ಅದೇ ಉತ್ತರ.

ಇನ್ನೊಂದು ವಿಷಯ, 40 ಸಾವಿರ ಓಡಿ ಪ್ರತಿ ಸಲ ಟೈಮಿಗೆ ಆಯಿಲ್ ಚೇಂಜ್ ಆಗಿರೋ ಗಾಡಿ, 8 ಸಾವಿರ ಮಾತ್ರ ಓಡಿ ಎರಡು ವರ್ಷ ಬೇಸ್‌ಮೆಂಟಲ್ಲಿ ನಿಂತಿದ್ದ ಗಾಡಿಗಿಂತ ಎಷ್ಟೋ ಮೇಲು. ನಿಂತ ಗಾಡಿಲಿ ಟ್ಯಾಂಕ್ ಒಳಗೆ ತುಕ್ಕು, ಕಾರ್ಬ್ಯುರೇಟರ್ ಜಾಮ್, ಸೀಲ್‌ಗಳು ಒಣಗಿ ಬಿರುಕು, ಬ್ಯಾಟರಿ ಸತ್ತಿರತ್ತೆ.

ಸೈಲೆನ್ಸರ್, ಹ್ಯಾಂಡಲ್ ಎಲ್ಲಾ ಚೇಂಜ್ ಮಾಡಿಸಿರೋ ಗಾಡಿ ಸಿಗ್ತಿದೆ, ಜಾಸ್ತಿ ಕೊಡ್ಬಹುದಾ?

ಒಂದು ರೂಪಾಯಿನೂ ಜಾಸ್ತಿ ಕೊಡ್ಬೇಡಿ. ಸ್ಟಾಕ್ ಸೈಲೆನ್ಸರ್ ಕೊಡ್ತಾರಾ ಕೇಳಿ, ಇಲ್ಲ ಅಂದ್ರೆ ಅದರ ರೇಟ್ ಕಡಿಮೆ ಮಾಡಿಸಿ, ಜೋರು ಶಬ್ದದ ಸೈಲೆನ್ಸರ್ ಹಾಕ್ಕೊಂಡು ಹೋದ್ರೆ ಟ್ರಾಫಿಕ್ ಪೊಲೀಸ್ ಹಿಡಿಯೋದಂತೂ ಗ್ಯಾರಂಟಿ. ನಂಗೆ ಜಾಸ್ತಿ ಭಯ ವೈರಿಂಗ್‌ದು. ಎಕ್ಸ್‌ಟ್ರಾ ಲೈಟು, ಎರಡೆರಡು ಹಾರ್ನು ಅಂತ ಎಲ್ಲೆಂದರಲ್ಲಿ ವೈರ್ ಕತ್ತರಿಸಿ ಟೇಪ್ ಸುತ್ತಿರ್ತಾರೆ, ಮಳೆಗಾಲದಲ್ಲಿ ಶಾರ್ಟ್ ಆಗಿ ಗಾಡಿ ನಿಲ್ಲತ್ತೆ. ಹೆಡ್‌ಲೈಟ್ ಹಿಂದೆ, ಸೀಟ್ ಕೆಳಗೆ ನೋಡಿ, ಟೇಪ್ ಸುತ್ತಿದ ಗಂಟುಗಳು ಜಾಸ್ತಿ ಇದ್ರೆ ಆ ಗಾಡಿ ಬೇಡ.

ಪೇಪರ್ ಏನೇನು ನೋಡ್ಬೇಕು?

ಇದು ಎಲ್ಲಕ್ಕಿಂತ ದೊಡ್ಡ ವಿಷಯ. ಗಾಡಿ ನೋಡೋಕೆ ಹೋಗೋ ಮುಂಚೆ ನಂಬರ್ ಈಸ್ಕೊಂಡು ಸರ್ಕಾರದ ಎಂ-ಪರಿವಾಹನ್ ಆ್ಯಪಲ್ಲಿ ಹಾಕಿ. ಎಷ್ಟನೇ ಓನರ್, ರಿಜಿಸ್ಟ್ರೇಷನ್ ತಾರೀಖು, ಫೈನಾನ್ಸ್ ಇದೆಯಾ, ಇನ್ಶೂರೆನ್ಸ್ ಎಲ್ಲಿ ತನಕ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ ಎಲ್ಲಾ ಬರತ್ತೆ. ಹೋದಾಗ ಒರಿಜಿನಲ್ ಆರ್‌ಸಿ ಕಾರ್ಡ್ ಕೈಲಿಟ್ಕೊಂಡು ಚಾಸಿ ನಂಬರ್ ಗಾಡಿ ಜೊತೆ ತಾಳೆ ನೋಡಿ. ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆ ಮೇಲೆ ಹೊಡೆದಿರತ್ತೆ, ಒಂದು ಬಟ್ಟೆ ತಗೊಂಡು ಗ್ರೀಸು ಧೂಳು ಒರೆಸಿ ಒಂದೊಂದೇ ಅಕ್ಷರ ಓದಿ, ಕೊನೆಯ ನಾಲ್ಕಂಕಿ ಮಾತ್ರ ನೋಡಿ ಸರಿ ಇದೆ ಅನ್ಬೇಡಿ. ಆ ಜಾಗದಲ್ಲಿ ಉಜ್ಜಿದ ಗುರುತು, ಅಕ್ಷರಗಳ ಸಾಲು ಡೊಂಕು, ಅಲ್ಲಿ ಮಾತ್ರ ಹೊಸ ಪೇಂಟ್ ಇದ್ರೆ ಆ ಗಾಡಿ ಕಳ್ಳಮಾಲು ಇರ್ಬಹುದು, ಏನೂ ಮಾತಾಡ್ದೇ ವಾಪಸ್ ಬನ್ನಿ. ಎಂಜಿನ್ ನಂಬರೂ ಹಾಗೇ.

ಆರ್‌ಸಿಯಲ್ಲಿ ಹೆಸರಿರೋರೇ ಎದುರಿಗಿರ್ಬೇಕು, ಆಧಾರ್ ಜೊತೆ. "ಗಾಡಿ ನಮ್ಮ ಭಾವಂದು", "ಫ್ರೆಂಡ್ ದುಬೈಲಿದಾನೆ, ಸೈನ್ ಹಾಕಿದ ಫಾರ್ಮ್ ಇದೆ" ಅಂದ್ರೆ ಕೈ ಮುಗಿದು ಬನ್ನಿ. ಟ್ರಾನ್ಸ್‌ಫರ್‌ಗೆ ಫಾರ್ಮ್ 29 ಮತ್ತೆ 30 ಬೇಕು. ಕಾನೂನು ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದೋರು 14 ದಿನದಲ್ಲಿ, ತಗೊಂಡೋರು 30 ದಿನದಲ್ಲಿ ಆರ್‌ಟಿಒಗೆ ತಿಳಿಸ್ಬೇಕು. ಮಾರೋರು ಆಮೇಲೆ ಮಾಡಿಸ್ಕೊಳ್ಳಿ ಅಂತ ಎಳೆದ್ರೆ ಅವರಿಗೇ ಅಪಾಯ ಅಂತ ಬಿಡಿಸಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಆರ್‌ಸಿಯಲ್ಲಿ ಹೆಸರಿರೋರೇ ಓನರ್, ಆ್ಯಕ್ಸಿಡೆಂಟ್ ಆದ್ರೆ ಪರಿಹಾರದ ಹೊಣೆ ಅವರ ಮೇಲೇ ಬರತ್ತೆ. ಇದನ್ನ ಹೇಳಿದ ಮೇಲೆ ಎಷ್ಟೋ ಜನ ಅವತ್ತೇ ಸೈನ್ ಹಾಕೋಕೆ ಒಪ್ಪಿದಾರೆ.

ಫೈನ್ ಎಷ್ಟು ಬಾಕಿ ಇದೆ ಅಂತಾನೂ ನಂಬರ್ ಹಾಕಿ ಇ-ಚಲನ್‌ನಲ್ಲಿ ನೋಡಿ, ಬೆಂಗಳೂರಿನ ಗಾಡಿಗಳಲ್ಲಿ ಕೆಲವಕ್ಕೆ ಹತ್ತು ಸಾವಿರ ದಾಟಿರತ್ತೆ. ಕಟ್ಟಿಸಿ ರಶೀದಿ ನೋಡಿದ ಮೇಲೇ ದುಡ್ಡು. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿದಾರಾ ನೋಡಿ, ಇಲ್ಲದಿದ್ರೆ ಅವರ ಹೆಸರಲ್ಲಿರುವಾಗಲೇ ಹಾಕಿಸ್ಲಿ. 15 ವರ್ಷ ಹತ್ರ ಬಂದಿರೋ ಥಂಡರ್‌ಬರ್ಡ್ ಆದ್ರೆ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ರಿನ್ಯೂವಲ್ ಮಾಡಿಸ್ಬೇಕು, ಗ್ರೀನ್ ಟ್ಯಾಕ್ಸ್ ಕೂಡಾ ಇದೆ, ಆ ಓಡಾಟಾನೂ ರೇಟಲ್ಲಿ ಸೇರಿಸ್ಕೊಳ್ಳಿ.

ಲೋನ್ ಕ್ಲಿಯರ್ ಆಗಿದೆ ಅಂತಾರೆ, ಆದ್ರೆ ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದೆ?

ಹಾಗಾದ್ರೆ ಕ್ಲಿಯರ್ ಆಗಿಲ್ಲ ಅಂತಾನೇ ತಿಳ್ಕೊಳ್ಳಿ. ಬ್ಯಾಂಕಿನ ಎನ್‌ಒಸಿ ಮತ್ತೆ ಫಾರ್ಮ್ 35 ಕೊಟ್ಟು ಎಚ್‌ಪಿ (ಆರ್‌ಸಿಯಲ್ಲಿರೋ ಸಾಲದ ನಮೂದು) ಕ್ಯಾನ್ಸಲ್ ಮಾಡಿಸಿದ ಮೇಲೇ ಪೂರ್ತಿ ದುಡ್ಡು ಕೊಡಿ. ಎನ್‌ಒಸಿಗೆ ವ್ಯಾಲಿಡಿಟಿ ಇರತ್ತೆ, ಹಳೇ ಲೆಟರ್ ತೋರಿಸಿದ್ರೆ ತಾರೀಖು ನೋಡಿ.

ಹೊಸೂರು, ಕಾಸರಗೋಡು, ಕೊಲ್ಲಾಪುರದಲ್ಲಿ ಕಡಿಮೆಗೆ ಸಿಗತ್ತಂತೆ?

ಸಿಗತ್ತೆ, ಆದ್ರೆ ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಜಾಸ್ತಿ. ಅಲ್ಲಿನ ಆರ್‌ಟಿಒನಿಂದ ಫಾರ್ಮ್ 28 ಎನ್‌ಒಸಿ ತಗೊಂಡು, ಇಲ್ಲಿ ಗಾಡಿ ವಯಸ್ಸಿನ ಪ್ರಕಾರ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಹಾಕಿಸ್ಬೇಕು. ಅಲ್ಲಿ ಕಟ್ಟಿದ ಟ್ಯಾಕ್ಸ್ ರೀಫಂಡ್ ಅಂತ ಇದೆ, ಅದಕ್ಕೆ ಓಡಾಡೋದು ಬೇರೆ ಕಥೆ. ಲೆಕ್ಕ ಹಾಕಿದ್ರೆ 350 ಸಿಸಿ ಗಾಡಿಗೆ ಉಳಿಯೋದು ಅಷ್ಟಕ್ಕಷ್ಟೇ. ಬೇರೆ ರಾಜ್ಯದ ನಂಬರ್‌ನಲ್ಲೇ ಓಡಿಸ್ಬಹುದು ಬಿಡಿ ಅನ್ನೋ ಬ್ರೋಕರ್ ಮಾತು ಕೇಳ್ಬೇಡಿ.

ಆನ್‌ಲೈನ್‌ನಲ್ಲಿ ತುಂಬಾ ಕಡಿಮೆ ರೇಟ್‌ಗೆ ಹಾಕಿದಾರೆ, ಆರ್ಮಿಯವರಂತೆ, ಟ್ರಾನ್ಸ್‌ಫರ್ ಆಗಿದೆಯಂತೆ?

ಮೋಸ. 2021ರ ಮೀಟಿಯರ್ ಅರ್ಧ ರೇಟು, ಗಾಡಿ ಕ್ಯಾಂಪ್ ಒಳಗಿದೆ, ಆರ್ಮಿ ಪಾರ್ಸೆಲ್‌ನಲ್ಲಿ ಮನೆಗೇ ಬರತ್ತೆ, ಮೊದಲು ಐದು ಸಾವಿರ ಹಾಕಿ ಅಂತಾರೆ, ಐಡಿ ಕಾರ್ಡ್ ಫೋಟೋನೂ ಕಳಿಸ್ತಾರೆ. ಗಾಡಿ ಕಣ್ಣಿಗೆ ಬೀಳ್ದೇ, ಕೈಲಿ ಮುಟ್ಟದೇ ಒಂದು ರೂಪಾಯಿ ಹಾಕ್ಬೇಡಿ. ನೀವು ಮಾರೋವಾಗಲೂ ಅಷ್ಟೇ, ದುಡ್ಡು ಬರ್ಬೇಕಂದ್ರೆ ಕ್ಯೂಆರ್ ಸ್ಕ್ಯಾನ್ ಮಾಡಿ ಅಂದ್ರೆ ಕಟ್ ಮಾಡಿ, ದುಡ್ಡು ಬರೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಯಾರದ್ದಾದ್ರೂ ದುಡ್ಡು ಆಗಲೇ ಹೋಗಿದ್ರೆ ತಡ ಮಾಡ್ದೇ ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಡೀಲರ್ ಹತ್ರ ತಗೊಳ್ಳೋದು ಒಳ್ಳೇದಾ, ನೇರ ಓನರ್ ಹತ್ರಾನಾ?

ನೇರ ಓನರ್. ಅವರ ಮನೆ ಮುಂದೆ ಗಾಡಿ ನಿಲ್ಲಿಸಿರೋ ರೀತಿ, ಕೇಳಿದ ತಕ್ಷಣ ಬಿಲ್ಲುಗಳ ಕವರ್ ತಂದು ಕೊಡೋ ರೀತಿ, ಇದರಲ್ಲೇ ಅರ್ಧ ಗೊತ್ತಾಗತ್ತೆ. ಡೀಲರ್ ಹತ್ರ ಹೋದ್ರೆ ಲೋನ್ ಸಿಗತ್ತೆ, ಪೇಪರ್ ಓಡಾಟ ಅವರೇ ಮಾಡ್ತಾರೆ, ಅದಕ್ಕೆ ಅವರು ಲಾಭ ಇಟ್ಕೊಳ್ಳೋದು ನ್ಯಾಯವೇ, ಆದ್ರೆ ಹಿಂದಿನ ಓನರ್ ಜೊತೆ ಫೋನಲ್ಲಾದ್ರೂ ಮಾತಾಡಿಸಿ ಅಂತ ಕೇಳಿ.

ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳಿದೆ, ಹಾಗೇ ಓಡಿಸ್ಬಹುದಾ?

ಥರ್ಡ್ ಪಾರ್ಟಿ ಭಾಗ ಗಾಡಿ ಜೊತೆ ಬರತ್ತೆ, ಆದ್ರೆ ನಿಮ್ಮ ಗಾಡಿಗೆ ಏನಾದ್ರೂ ಆದ್ರೆ ಕ್ಲೇಮ್ ಸಿಗ್ಬೇಕಂದ್ರೆ ಪಾಲಿಸಿ ನಿಮ್ಮ ಹೆಸರಿಗೆ ಬಂದಿರ್ಬೇಕು. 14 ದಿನದಲ್ಲಿ ಕಂಪನಿಗೆ ತಿಳಿಸಿ. ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ ಹಳೇ ಓನರ್‌ದು, ನಿಮಗೆ ಬರಲ್ಲ, ಹಾಗಾಗಿ ಸ್ವಲ್ಪ ವ್ಯತ್ಯಾಸದ ದುಡ್ಡು ಕಟ್ಟಿಸ್ಕೊಳ್ತಾರೆ.

ನಾನು ಐದಡಿ ಎರಡಿಂಚು, ಕಾಲು ಎಟುಕತ್ತಾ? ಬೆನ್ನು ನೋವು ಇರೋರು ತಗೊಳ್ಬಹುದಾ?

ಕಾಲು ಎಟುಕೋ ವಿಷಯದಲ್ಲಿ ಕ್ರೂಸರ್‌ನಷ್ಟು ಸುಲಭದ ಗಾಡಿ ಇನ್ನೊಂದಿಲ್ಲ. ಮೀಟಿಯರ್ ಸೀಟ್ ಎತ್ತರ 765 ಎಂಎಂ, ಸೂಪರ್ ಮೀಟಿಯರ್ 740, ವಲ್ಕನ್ ಎಸ್ 705. ಕ್ರೂಸರ್ ಓಡಿಸೋ ಹೆಣ್ಮಕ್ಕಳು ಜಾಸ್ತಿ ಆಗ್ತಿರೋದಕ್ಕೆ ಇದೂ ಒಂದು ಕಾರಣ ಅನ್ಸತ್ತೆ, ತುಂಬಾ ಖುಷಿಯ ವಿಷಯ. ಬೆನ್ನಿನ ಮಾತು ಬೇರೆ. ಕಾಲು ಮುಂದೆ ಹೋದಾಗ ಮೈ ಭಾರ ಪೂರ್ತಿ ಬಾಲದ ಮೂಳೆ ಮೇಲೆ ಬೀಳತ್ತೆ, ಗುಂಡಿ ಬಂದಾಗ ಕಾಲಲ್ಲಿ ಎದ್ದು ನಿಂತು ತಪ್ಪಿಸ್ಕೊಳ್ಳೋಕೆ ಆಗಲ್ಲ. ಆಗಲೇ ಬೆನ್ನುಮೂಳೆಯ ಡಿಸ್ಕ್ ತೊಂದರೆ ಇರೋರು ಸ್ನೇಹಿತರ ಗಾಡಿನ ಒಂದು ಪೂರ್ತಿ ದಿನ ಓಡಿಸಿ ನೋಡ್ದೇ ತಗೊಳ್ಬೇಡಿ, ಹತ್ತು ನಿಮಿಷದ ಟೆಸ್ಟ್ ರೈಡ್‌ನಲ್ಲಿ ಎಲ್ಲಾ ಕ್ರೂಸರೂ ಸೋಫಾ ಅನ್ಸತ್ತೆ.

ಮಂಗಳೂರು, ಉಡುಪಿ ಕಡೆ ಗಾಡಿ ತಗೊಳ್ಬಹುದಾ?

ತಗೊಳ್ಬಹುದು, ತುಕ್ಕು ನೋಡಿ ತಗೊಳ್ಳಿ. ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಕ್ರೋಮ್ ಜಾಸ್ತಿ ಇರೋ ಗಾಡಿಗೆ ಕಷ್ಟ. ಸ್ಪೋಕ್ ಬುಡ, ಸೈಲೆನ್ಸರ್ ಅಡಿ, ಸ್ವಿಂಗ್‌ಆರ್ಮ್ ವೆಲ್ಡಿಂಗ್ ಜಾಗ, ಪೆಟ್ರೋಲ್ ಕ್ಯಾಪ್ ತೆಗೆದು ಟ್ಯಾಂಕ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಬೆಂಗಳೂರಲ್ಲಾದ್ರೆ ನೆರೆ ಬಂದ ಏರಿಯಾದ ಗಾಡಿ ಬಗ್ಗೆ ಹುಷಾರು, 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಬೇಸ್‌ಮೆಂಟ್‌ಗಳಿಗೇ ನೀರು ನುಗ್ಗಿತ್ತು. ಸೀಟ್ ಕೆಳಗೆ ಮೂಲೆಗಳಲ್ಲಿ ಒಣಗಿದ ಕೆಸರು, ಕನೆಕ್ಟರ್‌ಗಳಲ್ಲಿ ಹಸಿರು ಪಾಚಿ ಥರ ಕಂಡ್ರೆ ಗಾಡಿ ನೀರಲ್ಲಿ ಮುಳುಗಿತ್ತು ಅಂತ ಲೆಕ್ಕ.

ತಗೊಂಡಾಯ್ತು, ಮೊದಲು ಏನ್ ಮಾಡಿಸ್ಲಿ?

ಯಾರು ಏನೇ ಹೇಳಿರ್ಲಿ, ಆಯಿಲ್ ಮತ್ತೆ ಆಯಿಲ್ ಫಿಲ್ಟರ್ ಚೇಂಜ್ ಮಾಡಿಸಿ, 350 ಎಂಜಿನ್ ಎರಡಕ್ಕೂ 15ಡಬ್ಲ್ಯೂ50 ಆಯಿಲ್. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ (ಟ್ವಿನ್‌ಸ್ಪಾರ್ಕ್ ಆದ್ರೆ ಎರಡೂ), ಬ್ರೇಕ್ ಆಯಿಲ್, ಬ್ರೇಕ್ ಪ್ಯಾಡ್ ನೋಡಿಸಿ. ಮೀಟಿಯರ್ ಆದ್ರೆ ಟ್ಯಾಪೆಟ್ ಕ್ಲಿಯರೆನ್ಸ್ ಚೆಕ್ ಮಾಡಿಸಿ, ಅದರಲ್ಲಿ ಹೈಡ್ರಾಲಿಕ್ ಇಲ್ಲ. ಚೈನ್ ಸ್ಪ್ರಾಕೆಟ್‌ನ ಹಲ್ಲು ಒಂದು ಕಡೆ ಬಾಗಿ ಚೂಪಾಗಿದ್ರೆ ಸೆಟ್ ಪೂರ್ತಿ ಬದಲಾಯಿಸಿ, ಚೈನ್ ಒಂದನ್ನೇ ಹಾಕಿಸಿದ್ರೆ ದುಡ್ಡು ದಂಡ. ಐದು ವರ್ಷ ದಾಟಿದ ಟೈರ್‌ನಲ್ಲಿ ಗ್ರಿಪ್ ಕಣ್ಣಿಗೆ ಕಂಡ್ರೂ ರಬ್ಬರ್ ಗಟ್ಟಿಯಾಗಿರತ್ತೆ, ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. ಇದಕ್ಕೆಲ್ಲಾ ಅಂತ ಮೊದಲೇ ಹತ್ತರಿಂದ ಹದಿನೈದು ಸಾವಿರ ಪಕ್ಕಕ್ಕಿಟ್ಕೊಂಡೇ ಗಾಡಿ ರೇಟ್ ಮಾತಾಡಿ.

ಹಾಂ, ಎರಡನೇ ಕೀ. ದುಡ್ಡು ಕೊಡೋ ಹೊತ್ತಲ್ಲೇ ಎರಡೂ ಕೀ ಕೇಳಿ ಈಸ್ಕೊಳ್ಳಿ. ಗಾಡಿ ಕಳ್ಳತನ ಆದ್ರೆ ಇನ್ಶೂರೆನ್ಸ್‌ನವರು ಕ್ಲೇಮ್‌ಗೆ ಎರಡೂ ಒರಿಜಿನಲ್ ಕೀ ಕೇಳ್ತಾರೆ, ಒಂದೇ ಇದ್ರೆ ಅಲ್ಲೇ ತಕರಾರು. ಎರಡನೇದು ಕಳೆದುಹೋಗಿದೆ ಅಂತ ಓನರ್ ಹೇಳಿದ್ರೆ ಹೊಸ ಲಾಕ್ ಸೆಟ್ ರೇಟ್ ವಿಚಾರಿಸಿ ಅಷ್ಟನ್ನ ಕಡಿಮೆ ಮಾಡಿಸಿ, ಗಾಡಿ ಮನೆಗೆ ಬಂದ ವಾರದೊಳಗೆ ಹಾಕಿಸ್ಬಿಡಿ, ಬಿಲ್ಲು ಇಟ್ಕೊಳ್ಳಿ.